ದೇವನಹಳ್ಳಿಯಿಂದ ಸ್ಯಾನ್ ಫ್ರಾನ್ಸಿಸ್ಕೊ: ದೂರ ಒಂದು, ಲೆಕ್ಕ ಹಲವು

2021ರ ಜನವರಿ 11ರ ಬೆಳಗಿನ ಜಾವ ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಏರ್ ಇಂಡಿಯಾದ ಒಂದು ಬೋಯಿಂಗ್ 777 ಬಂದಿಳಿಯಿತು. ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು ಎಲ್ಲೂ ನಿಲ್ಲದೆ, ಉತ್ತರ ಧ್ರುವದ ಮೇಲೆ ಹಾದು, ಹದಿನೇಳು ಗಂಟೆಗೂ ಮಿಕ್ಕಿ ಹಾರಿ ಬಂದ ವಿಮಾನ ಅದು. ಹಾರಿಸಿದವರು ಕ್ಯಾಪ್ಟನ್ ಜೋಯಾ ಅಗರ್‌ವಾಲ್, ತನ್ಮಯಿ ಪಾಪಗಾರಿ, ಆಕಾಂಕ್ಷಾ ಸೋನಾವಾರೆ ಮತ್ತು ಶಿವಾನಿ ಮನ್ಹಾಸ್. ನಾಲ್ವರೂ ಮಹಿಳೆಯರು. ದಕ್ಷಿಣ ಭಾರತಕ್ಕೂ ಅಮೆರಿಕಕ್ಕೂ ನಡುವೆ ತಡೆರಹಿತ ವಿಮಾನ ಹಾರಿದ್ದು ಅದೇ ಮೊದಲು.

ಎರಡು ಊರುಗಳ ನಡುವಿನ ನೇರ ದೂರ 13,993 ಕಿ.ಮೀ. ಎಂದು ಆಗ ಸಂಸ್ಥೆ ಪ್ರಕಟಿಸಿತು. ಹಾರಿದ ದೂರ ಸುಮಾರು 16,000 ಕಿ.ಮೀ. ಎಂದು ಪತ್ರಿಕೆಗಳಲ್ಲಿ ಬಂತು. ಅದೇ ಊರಿನಿಂದ ಅದೇ ಊರಿಗೆ ಎರಡು ಸಾವಿರ ಕಿಲೊಮೀಟರ್ ವ್ಯತ್ಯಾಸ ಹೇಗೆ? ಬರುವಾಗ ಹದಿನೇಳು ಗಂಟೆ ಹಿಡಿದರೆ ಹೋಗುವಾಗ ಹದಿನಾರೇ ಏಕೆ? ಮಗಳ ಮನೆಗೆ, ಮೊಮ್ಮಗುವಿನ ನಾಮಕರಣಕ್ಕೆ ಕ್ಯಾಲಿಫೋರ್ನಿಯಾಕ್ಕೆ ಹೊರಟು ನಿಂತ ನೆಲಮಂಗಲದ ಅಥವಾ ಹೊಸಕೋಟೆಯ ಯಾವುದೇ ಕುಟುಂಬಕ್ಕೆ ಈ ಪ್ರಶ್ನೆಗಳು ಎದುರಾಗುತ್ತವೆ. ಉತ್ತರದ ಸಾರ ಇಷ್ಟು: ದೂರವನ್ನು ಗೊತ್ತು ಮಾಡುವುದು ಭೂಮಿಯ ಆಕಾರ. ಸಮಯವನ್ನು ಗೊತ್ತು ಮಾಡುವವರು ಹಲವರು, ಅವರಲ್ಲಿ ನಾವೂ ಇದ್ದೇವೆ.

ಗ್ಲೋಬಿನ ಮೇಲೊಂದು ರೇಷ್ಮೆ ಎಳೆ

ಗೋಡೆಗೆ ತೂಗುಹಾಕಿದ ಜಗತ್ತಿನ ನಕ್ಷೆಯಲ್ಲಿ ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಪೂರ್ವದಿಕ್ಕಿನಲ್ಲಿ ಅಡಿಪಟ್ಟಿ ಇಟ್ಟು ಗೆರೆ ಎಳೆಯಿರಿ. ಅದು ಬಂಗಾಳ ಕೊಲ್ಲಿ ದಾಟಿ, ಚೀನಾದ ದಕ್ಷಿಣಕ್ಕೆ ಸಾಗಿ, ಪೆಸಿಫಿಕ್ ಸಾಗರವನ್ನು ಅಡ್ಡಲಾಗಿ ಹಾಯುತ್ತದೆ. ಆ ಗೆರೆಯನ್ನೇ ಹಿಡಿದು ಹೋದರೆ ಸುಮಾರು 16,100 ಕಿ.ಮೀ. ಆಗುತ್ತದೆ. ಕಣ್ಣಿಗೆ ನೇರವಾಗಿ ಕಾಣುವ ಈ ದಾರಿ ನಿಜಕ್ಕೂ ಬಳಸುದಾರಿ.

ಈಗ ಶಾಲೆಯ ಗ್ಲೋಬ್ ಒಂದನ್ನು ತನ್ನಿ. ದೊಡ್ಡಬಳ್ಳಾಪುರದ ಯಾವುದೇ ಮಗ್ಗದ ಮನೆಯಲ್ಲಿ ಸಿಗುವ ರೇಷ್ಮೆ ಎಳೆಯ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಬೆರಳಿನಿಂದ ಒತ್ತಿ ಹಿಡಿಯಿರಿ, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊದ ಮೇಲಿಟ್ಟು ಬಿಗಿಯಾಗಿ ಎಳೆಯಿರಿ. ಎಳೆ ತಾನಾಗಿ ಜಾರಿ ಉತ್ತರಕ್ಕೆ ಸರಿಯುತ್ತದೆ. ಛತ್ತೀಸಗಡದ ಕಡೆಯಿಂದ ನೇಪಾಳ, ಅಲ್ಲಿಂದ ಟಿಬೆಟ್, ಷಿನ್‌ಜಿಯಾಂಗ್, ಮಂಗೋಲಿಯಾ, ಸೈಬೀರಿಯಾ. ಆಮೇಲೆ ಆರ್ಕ್‌ಟಿಕ್ ಸಾಗರದ ಅಂಚು ಸವರಿ ಅಲಾಸ್ಕಾ. ಕೊನೆಗೆ ಅಮೆರಿಕದ ಪಶ್ಚಿಮ ಕರಾವಳಿಯ ಗುಂಟ ಇಳಿದು ಕ್ಯಾಲಿಫೋರ್ನಿಯಾ. ಬಿಗಿದ ಎಳೆ ಹಿಡಿಯುವುದು ಎರಡು ಬಿಂದುಗಳ ನಡುವಿನ ಅತಿ ಕಿರಿದಾದ ದಾರಿಯನ್ನು. ಭೂಮಿಯನ್ನು ಸರಿಯಾಗಿ ಎರಡು ಹೋಳು ಮಾಡುವ ಮಹಾವೃತ್ತದ ಒಂದು ತುಂಡು ಅದು. ಉದ್ದ ಸುಮಾರು 14,000 ಕಿ.ಮೀ. ಅಂದರೆ ನಕ್ಷೆಯ ಗೆರೆಗಿಂತ ಎರಡು ಸಾವಿರ ಕಿ.ಮೀ. ಉಳಿತಾಯ.

ಚೆಂಡಿನಂಥ ಭೂಮಿಯನ್ನು ಚಪ್ಪಟೆ ಹಾಳೆಯ ಮೇಲೆ ಹರಡಿದಾಗ ಧ್ರುವದ ಕಡೆಯ ನೆಲವೆಲ್ಲ ಹಿಗ್ಗಿಬಿಡುತ್ತದೆ. ಹಾಗಾಗಿ ಉತ್ತರದ ದಾರಿ ಹಾಳೆಯ ಮೇಲೆ ಉದ್ದವಾಗಿ ಕಾಣುತ್ತದೆ. ವಿಮಾನದಲ್ಲಿ ಮುಂದಿನ ಸೀಟಿನ ಪರದೆಯ ಮೇಲೆ ಬಿಲ್ಲಿನಂತೆ ಬಾಗಿದ ದಾರಿ ನೋಡಿ, ಇದ್ಯಾಕೆ ಹೀಗೆ ಸುತ್ತಿಕೊಂಡು ಹೋಗುತ್ತಾರೆ ಎಂದು ಕೇಳುವವರಿಗೆ ಗ್ಲೋಬೇ ಉತ್ತರ.

ಈ ಲೆಕ್ಕಕ್ಕೆ ಭೂಮಿಯ ಗಾತ್ರ, ಆಕಾರ ನಿಖರವಾಗಿ ತಿಳಿದಿರಬೇಕು. ಅದನ್ನು ಅಳೆದವರ ಹೆಜ್ಜೆಗುರುತು ನಮ್ಮ ನೆಲದ ಮೇಲೂ ಇದೆ. ಶ್ರೀರಂಗಪಟ್ಟಣದ ಪತನದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಉಕ್ಕಿನ ಸರಪಳಿ ಹಾಸಿ ಏಳು ಮೈಲಿಗೂ ಉದ್ದದ ಆಧಾರರೇಖೆಯೊಂದನ್ನು ಅಳೆದರು. 1802ರಲ್ಲಿ ಮದರಾಸಿನಲ್ಲಿ ಮತ್ತೆ ಅಳತೆ ಶುರುವಾಯಿತು, ಅದೇ ಮುಂದೆ ಮಹಾ ತ್ರಿಕೋನಮಿತಿ ಸಮೀಕ್ಷೆಯಾಗಿ ಹಿಮಾಲಯದವರೆಗೆ ಬೆಳೆಯಿತು. ಅದರ ಬೆನ್ನೆಲುಬಾದ ಮಹಾ ಚಾಪ ಬೆಂಗಳೂರಿನ ಆಸುಪಾಸಿನ ರೇಖಾಂಶದಲ್ಲೇ ದಕ್ಷಿಣೋತ್ತರವಾಗಿ ಸಾಗುತ್ತದೆ. ಭೂಮಿ ಎಷ್ಟು ಬಾಗಿದೆ, ಧ್ರುವಗಳಲ್ಲಿ ಎಷ್ಟು ಚಪ್ಪಟೆಯಾಗಿದೆ ಎಂಬ ತಿಳಿವಳಿಕೆ ಇಂಥ ಅಳತೆಗಳಿಂದಲೇ ಹರಿತವಾಯಿತು. ಸಮಭಾಜಕದಲ್ಲಿ ಭೂಮಿಯ ತ್ರಿಜ್ಯ 6,378 ಕಿ.ಮೀ., ಧ್ರುವದ ಕಡೆ 6,357 ಕಿ.ಮೀ. ಇಪ್ಪತ್ತೊಂದೇ ಕಿಲೊಮೀಟರ್ ವ್ಯತ್ಯಾಸ. ಇಂದು ವಿಮಾನದ ಕಂಪ್ಯೂಟರ್ ದೂರ ಲೆಕ್ಕ ಹಾಕುವಾಗ ಅದನ್ನೂ ಹಿಡಿಯುತ್ತದೆ.

ಕಿರಿದಾದ ದಾರಿ ಸಿಕ್ಕರೂ ಹಾರಲಾಗದು

ರೇಷ್ಮೆ ಎಳೆ ತೋರಿಸಿದ ದಾರಿಯಲ್ಲಿ ವಿಮಾನ ಹಾಗೇ ಹೋಗಲಾರದು. ಮೊದಲ ಅಡ್ಡಿ ಟಿಬೆಟ್. ಆಕಾಶದಲ್ಲಿ ಹನ್ನೊಂದು ಸಾವಿರ ಮೀಟರ್ ಎತ್ತರದಲ್ಲಿದ್ದಾಗ ಕ್ಯಾಬಿನ್ನಿನ ಗಾಳಿಯ ಒತ್ತಡ ಇಳಿದುಹೋದರೆ, ಪೈಲಟ್ ಕೂಡಲೇ ಸುಮಾರು 3,000 ಮೀಟರ್ ಎತ್ತರಕ್ಕೆ ಇಳಿಯಬೇಕು. ಪ್ರಯಾಣಿಕರ ತಲೆಯ ಮೇಲಿಂದ ಇಳಿಬೀಳುವ ಆಮ್ಲಜನಕದ ಮಾಸ್ಕ್ ಸಾಮಾನ್ಯವಾಗಿ ಹತ್ತಿಪ್ಪತ್ತು ನಿಮಿಷಕ್ಕಷ್ಟೇ ಸಾಕಾಗುತ್ತದೆ. ಟಿಬೆಟಿನ ಪ್ರಸ್ಥಭೂಮಿಯ ನೆಲವೇ ಅದಕ್ಕಿಂತ ಎತ್ತರದಲ್ಲಿದೆ. ಇಳಿಯಲು ಜಾಗವೇ ಇಲ್ಲದ ಕಡೆ ಅಷ್ಟು ದೂರ ಹಾರುವ ಧೈರ್ಯ ಯಾರೂ ಮಾಡುವುದಿಲ್ಲ. ಹಾಗಾಗಿ ಪೂರ್ವಕ್ಕೋ ಪಶ್ಚಿಮಕ್ಕೋ ಸರಿದು ಹೋಗಬೇಕು. ಸರಿದಷ್ಟೂ ದೂರ ಬೆಳೆಯುತ್ತದೆ.

ಹಾಗಾದರೆ ಧ್ರುವದ ಮೇಲೆಯೇ ಹೋದರೆ? ಇದರ ಲೆಕ್ಕ ಹೈಸ್ಕೂಲು ಮಕ್ಕಳೂ ಮಾಡಬಹುದು. ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣ 37.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿಂದ ಧ್ರುವಕ್ಕೆ 52.4 ಡಿಗ್ರಿ. ದೇವನಹಳ್ಳಿ 13.2 ಡಿಗ್ರಿಯಲ್ಲಿದೆ, ಧ್ರುವದಿಂದ ಇಲ್ಲಿಗೆ 76.8 ಡಿಗ್ರಿ. ಒಟ್ಟು 129.2. ಡಿಗ್ರಿಗೆ 111 ಕಿ.ಮೀ. ಎಂದು ಹಿಡಿದರೆ ಸುಮಾರು 14,340 ಕಿ.ಮೀ. ಅಂದರೆ ಅತಿ ಕಿರಿದಾದ ದಾರಿಗಿಂತ ಮುನ್ನೂರೈವತ್ತು ಕಿಲೊಮೀಟರ್ ಮಾತ್ರ ಹೆಚ್ಚು. ಪೆಸಿಫಿಕ್ ಮೇಲಿನ ಎದುರುಗಾಳಿಯನ್ನು ತಪ್ಪಿಸಿಕೊಳ್ಳಲು ಇಷ್ಟು ಬೆಲೆ ತೆರಬಹುದು.

ಆದರೆ ಧ್ರುವದ ದಾರಿಗೆ ಅದರದೇ ಕಟ್ಟುಪಾಡುಗಳಿವೆ. ಅಲ್ಲಿ ಕಾಂತದ ದಿಕ್ಸೂಚಿಯನ್ನು ನಂಬುವಂತಿಲ್ಲ. ಧ್ರುವ ದಾಟಿದ ಕ್ಷಣದಲ್ಲಿ ಉತ್ತರಾಭಿಮುಖವಾಗಿದ್ದ ವಿಮಾನ, ತಿರುಗದೆಯೂ ದಕ್ಷಿಣಾಭಿಮುಖವಾಗಿಬಿಡುತ್ತದೆ. ಹೊರಗಿನ ಚಳಿ ಮೈನಸ್ 60 ಡಿಗ್ರಿಗೂ ಕೆಳಗಿಳಿಯಬಹುದು. ಅಮೆರಿಕದಲ್ಲಿ ತುಂಬಿಸುವ ವಿಮಾನ ಇಂಧನ ಮೈನಸ್ 40ರ ಹೊತ್ತಿಗೆ ಹೆಪ್ಪುಗಟ್ಟತೊಡಗುತ್ತದೆ. ಹಾಗಾಗಿ ರೆಕ್ಕೆಯೊಳಗಿನ ಇಂಧನದ ಉಷ್ಣಾಂಶದ ಮೇಲೆ ಪೈಲಟ್‌ಗಳು ಕಣ್ಣಿಟ್ಟೇ ಇರಬೇಕು. ತೀರಾ ಇಳಿದರೆ ವೇಗ ಹೆಚ್ಚಿಸಬೇಕು, ಇಲ್ಲವೇ ಬೆಚ್ಚಗಿನ ಗಾಳಿ ಇರುವ ಎತ್ತರಕ್ಕೆ ಸರಿಯಬೇಕು. ದಾರಿಯಲ್ಲಿ ತುರ್ತಾಗಿ ಇಳಿಯಬೇಕಾಗಿ ಬಂದರೆ ಎಲ್ಲಿ ಎಂಬುದನ್ನು ಹೊರಡುವ ಮೊದಲೇ ಗೊತ್ತು ಮಾಡಿಕೊಂಡಿರಬೇಕು. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ವಿಮಾನವೊಂದು ಎಂಜಿನ್ ತೊಂದರೆಯಿಂದ ರಷ್ಯಾದ ದೂರಪೂರ್ವದ ಮಗದಾನ್‌ನಲ್ಲಿ ಇಳಿದಾಗ, ಅಂಥ ಯೋಜನೆ ಏಕೆ ಬೇಕು ಎಂದು ಇಡೀ ದೇಶಕ್ಕೆ ತಿಳಿಯಿತು.

ಬೆಟ್ಟ, ಚಳಿ ಆದಮೇಲೆ ಗಡಿ. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕ ಮತ್ತು ಯುರೋಪಿನ ಬಹುತೇಕ ವಿಮಾನ ಸಂಸ್ಥೆಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಭಾರತದ ವಿಮಾನಗಳಿಗೆ ಆ ದಾರಿ ತೆರೆದೇ ಇತ್ತು. ಸಿಯಾಟಲ್‌ನಿಂದ ಬೆಂಗಳೂರಿಗೆ ಒಂದು, ಸ್ಯಾನ್ ಫ್ರಾನ್ಸಿಸ್ಕೊದಿಂದ ಒಂದು ಎಂದು ಅಮೆರಿಕದ ಎರಡು ಸಂಸ್ಥೆಗಳು ಮೊದಲೇ ತಡೆರಹಿತ ಸೇವೆ ಪ್ರಕಟಿಸಿದ್ದವು. ಮೊದಲು ಕೋವಿಡ್, ಆಮೇಲೆ ಯುದ್ಧ. ಎರಡೂ ಸೇವೆಗಳು ಶುರುವಾಗಲೇ ಇಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತೀಯ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳು ದೊಡ್ಡ ಸುತ್ತು ಹೊಡೆಯಬೇಕಾಯಿತು. ಭೂಮಿ ಒಂದಿಂಚೂ ಹಿಗ್ಗದಿದ್ದರೂ ಊರುಗಳು ದೂರವಾದವು.

ಗಾಳಿಯ ಪಾಲು

ಭೂಮಿ ಪೂರ್ವಕ್ಕೆ ತಿರುಗುತ್ತಿದೆಯಲ್ಲ, ವಿಮಾನ ಸುಮ್ಮನೆ ಮೇಲೆ ನಿಂತರೆ ಅಮೆರಿಕವೇ ಕೆಳಗೆ ಬರುವುದಿಲ್ಲವೇ? ಶಾಲೆಗಳಲ್ಲಿ ಮಕ್ಕಳು ಕೇಳುವ ಈ ಪ್ರಶ್ನೆ ಒಳ್ಳೆಯ ಪ್ರಶ್ನೆ. ದೇವನಹಳ್ಳಿಯ ನೆಲ ಗಂಟೆಗೆ ಸುಮಾರು 1,630 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿರುವುದು ನಿಜ. ಆದರೆ ನೆಲದ ಜೊತೆಗೆ ಗಾಳಿಯೂ ತಿರುಗುತ್ತದೆ, ರನ್‌ವೇ ಮೇಲೆ ನಿಂತ ವಿಮಾನಕ್ಕೂ ಆ ವೇಗ ಮೊದಲೇ ಬಂದಿರುತ್ತದೆ. ಆಕಾಶಕ್ಕೇರಿದರೂ ಅದು ಬಿಟ್ಟುಹೋಗುವುದಿಲ್ಲ. ಹಾಗಾಗಿ ಭೂಮಿಯ ತಿರುಗುವಿಕೆಯಿಂದ ನೇರ ಲಾಭವಿಲ್ಲ.

ಲಾಭ ಬರುವುದು ಬಳಸಿ. ಸೂರ್ಯನ ಶಾಖ ಸಮಭಾಜಕದಲ್ಲಿ ಹೆಚ್ಚು, ಧ್ರುವದಲ್ಲಿ ಕಡಿಮೆ. ಬಿಸಿಗಾಳಿ ಉತ್ತರಕ್ಕೆ ಸರಿಯುವಾಗ ತಿರುಗುವ ಭೂಮಿ ಅದನ್ನು ಪೂರ್ವಕ್ಕೆ ಬಾಗಿಸುತ್ತದೆ. ಹೀಗೆ ಒಂಬತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ಹೊಳೆ ಹುಟ್ಟುತ್ತದೆ. ಅದೇ ಜೆಟ್ ಸ್ಟ್ರೀಮ್. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ ಇನ್ನೂರು ಕಿ.ಮೀ. ದಾಟುವುದು ಸಾಮಾನ್ಯ.

ಲಂಡನ್ ಉದಾಹರಣೆ ತೆಗೆದುಕೊಳ್ಳಿ. ದೇವನಹಳ್ಳಿಯಿಂದ ಅಲ್ಲಿಗೆ ಸುಮಾರು 8,000 ಕಿ.ಮೀ. ವಿಮಾನದ ವೇಗ ಗಂಟೆಗೆ 900 ಎಂದಿಟ್ಟುಕೊಳ್ಳಿ. ದಾರಿಯುದ್ದಕ್ಕೂ ಸರಾಸರಿ 50 ಕಿ.ಮೀ. ಗಾಳಿ ಎದುರಾದರೆ ನೆಲದ ಲೆಕ್ಕದಲ್ಲಿ ವೇಗ 850ಕ್ಕೆ ಇಳಿದು ಒಂಬತ್ತೂವರೆ ಗಂಟೆಯ ಹತ್ತಿರವಾಗುತ್ತದೆ. ವಾಪಸ್ ಬರುವಾಗ ಅದೇ ಗಾಳಿ ಬೆನ್ನಿಗಿದ್ದರೆ ವೇಗ 950; ಎಂಟೂವರೆ ಗಂಟೆ ಸಾಕು. ಸಾಧಾರಣ ಗಾಳಿಯೊಂದರಿಂದಲೇ ಒಂದು ಗಂಟೆಯ ಅಂತರ. ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವಾಗ ಪೆಸಿಫಿಕ್ ದಾಟುವ ವಿಮಾನಕ್ಕೆ ಇದೇ ಗಾಳಿ ಬೆನ್ನು ತಳ್ಳುತ್ತದೆ.

ಗಾಳಿಯ ಹಂಗು ಹೊಸದಲ್ಲ. ಇದೇ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನ್ ಫ್ರಾನ್ಸಿಗೆ ಕಳಿಸಿದ ರಾಯಭಾರಿಗಳು 1787ರ ಜುಲೈನಲ್ಲಿ ಪುದುಚೇರಿಯಿಂದ ಹಾಯಿಹಡಗು ಹತ್ತಿದರು. ಆಫ್ರಿಕಾ ಖಂಡವನ್ನು ಬಳಸಿ ಫ್ರಾನ್ಸಿನ ತೂಲೋನ್ ಬಂದರು ಮುಟ್ಟಿದ್ದು 1788ರ ಜೂನ್‌ನಲ್ಲಿ. ಹೆಚ್ಚುಕಡಿಮೆ ಹನ್ನೊಂದು ತಿಂಗಳು. ಇಂದು ದೇವನಹಳ್ಳಿಯಿಂದ ಪ್ಯಾರಿಸ್ 7,800 ಕಿ.ಮೀ., ಹತ್ತು ಗಂಟೆ ಆಸುಪಾಸಿನ ಹಾರಾಟ.

ನೆಲದ ಮೇಲೂ ಗಾಳಿಯದೇ ತೀರ್ಮಾನ. ನಮ್ಮ ನಿಲ್ದಾಣದ ಎರಡೂ ರನ್‌ವೇಗಳು ಪೂರ್ವ-ಪಶ್ಚಿಮವಾಗಿ ಮಲಗಿವೆ. ಏರುವಾಗಲೂ ಇಳಿಯುವಾಗಲೂ ವಿಮಾನಕ್ಕೆ ಎದುರುಗಾಳಿ ಬೇಕು. ಮುಂಗಾರಿನಲ್ಲಿ ಪಡುವಣ ಗಾಳಿ ಬೀಸುವಾಗ ವಿಮಾನಗಳು ಸೂಲಿಬೆಲೆ ಕಡೆಯಿಂದ ತಗ್ಗಿ ಬಂದು ಇಳಿಯುತ್ತವೆ, ರಾಜಾನುಕುಂಟೆ ಕಡೆಗೆ ಏರುತ್ತವೆ. ಚಳಿಗಾಲದಲ್ಲಿ ಮೂಡಣ ಗಾಳಿ ತಿರುಗಿದರೆ ಎಲ್ಲವೂ ಅದಲುಬದಲು. ತಮ್ಮ ಮನೆಯ ಮೇಲೆ ವಿಮಾನ ಹೋಗುವುದೋ ಬರುವುದೋ ಎಂಬುದರ ಮೇಲೆ ಋತು ಹೇಳಬಲ್ಲವರು ಈ ಊರುಗಳ ಜನ.

ಇಂಧನ ಹೊರಲೂ ಇಂಧನ ಬೇಕು

ಆ ಮೊದಲ ಹಾರಾಟಕ್ಕೆ ಬಳಸಿದ ಬೋಯಿಂಗ್ 777-200ಎಲ್‌ಆರ್ ಮಾದರಿ ದೂರ ಹಾರಲೆಂದೇ ಕಟ್ಟಿದ್ದು. ಪೂರ್ತಿ ಹೊರೆ ಹೊತ್ತಾಗ ಅದರ ತೂಕ 347 ಟನ್‌ವರೆಗೆ ಹೋಗುತ್ತದೆ. ಟ್ಯಾಂಕ್ ತುಂಬಿಸಿದರೆ ಇಂಧನವೇ ಸುಮಾರು 1,81,000 ಲೀಟರ್, ಅಂದರೆ 145 ಟನ್ ಹತ್ತಿರ. ಒಟ್ಟು ತೂಕದ ಶೇ 40ರಷ್ಟು! ಮೊದಲ ಗಂಟೆಗಳಲ್ಲಿ ಸುಡುವ ಇಂಧನದ ದೊಡ್ಡ ಪಾಲು ಕೊನೆಯ ಗಂಟೆಗಳ ಇಂಧನವನ್ನು ಹೊರುವುದಕ್ಕೇ ಖರ್ಚಾಗುತ್ತದೆ. ಆದ್ದರಿಂದ ದೂರ ಎರಡರಷ್ಟಾದರೆ ಇಂಧನ ಎರಡರಷ್ಟಕ್ಕಿಂತ ಹೆಚ್ಚು ಬೇಕು. ತಡೆರಹಿತ ಹಾರಾಟ ದುಬಾರಿಯಾಗುವುದು, ನಡುನಡುವೆ ನಿಂತು ಮತ್ತೆ ಶುರುವಾಗುವುದು ಇದರಿಂದಲೇ.

ದೇವನಹಳ್ಳಿಗೆ ಇನ್ನೊಂದು ಸವಾಲಿದೆ. ನಂದಿಬೆಟ್ಟದ ಸೀಮೆಯ ಈ ನೆಲ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಮುಂಬೈ ಅಥವಾ ಚೆನ್ನೈಗಿಂತ ಶೇ 8ರಷ್ಟಾದರೂ ತೆಳು. ತೆಳು ಗಾಳಿಯಲ್ಲಿ ರೆಕ್ಕೆಗೆ ಎತ್ತುವ ಬಲ ಕಡಿಮೆ, ಎಂಜಿನ್ನಿಗೂ ನೂಕುಬಲ ಕಡಿಮೆ. ಹಾಗಾಗಿ ಹೆಚ್ಚು ಉದ್ದ ಓಡಿ ಏರಬೇಕು. ಎರಡೂ ರನ್‌ವೇಗಳು ನಾಲ್ಕು ಕಿಲೊಮೀಟರ್ ಉದ್ದ ಇರುವುದು ಇಲ್ಲಿ ನೆರವಿಗೆ ಬರುತ್ತದೆ. ಅದರಲ್ಲಿ ದಕ್ಷಿಣದ ರನ್‌ವೇ ಬಳಕೆಗೆ ಬಂದದ್ದು 2019ರ ಡಿಸೆಂಬರ್‌ನಲ್ಲಿ. ಅಮೆರಿಕದ ಹಾರಾಟಕ್ಕೆ ಒಂದು ವರ್ಷ ಮೊದಲು.

ಗಡಿಯಾರದ ಲೆಕ್ಕ, ಮೈಯ ಲೆಕ್ಕ

ಆ ಮೊದಲ ವಿಮಾನ ಅಲ್ಲಿಂದ ಹೊರಟದ್ದು ಜನವರಿ 9ರ ರಾತ್ರಿ, ಇಲ್ಲಿ ಇಳಿದದ್ದು 11ರ ಬೆಳಗಿನ ಜಾವ. ಹದಿನೇಳು ಗಂಟೆಯ ಪ್ರಯಾಣದಲ್ಲಿ 10ನೇ ತಾರೀಖು ಹೆಚ್ಚುಕಡಿಮೆ ಮಾಯ. ಮರುಪ್ರಯಾಣದಲ್ಲಿ ಇದರ ವಿರುದ್ಧ: ಇಲ್ಲಿ ಮಧ್ಯಾಹ್ನ ಎರಡೂವರೆಗೆ ಹೊರಟು ಹದಿನಾರು ಗಂಟೆ ಹಾರಿದರೆ, ಚಳಿಗಾಲದಲ್ಲಿ ಅಲ್ಲಿ ಇನ್ನೂ ಅದೇ ದಿನದ ಸಂಜೆ ಐದು ಗಂಟೆ. ಗಡಿಯಾರ ಎರಡೂವರೆ ಗಂಟೆ ತೋರಿಸುತ್ತದೆ, ಮೈ ಪೂರ್ತಿ ಹದಿನಾರನ್ನೂ ಅನುಭವಿಸಿರುತ್ತದೆ. ಚಳಿಗಾಲದಲ್ಲಿ ಹದಿಮೂರೂವರೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆಯ ಅಂತರ ಎಂದರೆ ಹಗಲು ರಾತ್ರಿ ತಿರುಗುಮುರುಗು. ಒಳಗಿನ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಂತೆ ಹೊಂದಿಕೊಳ್ಳುತ್ತದೆ. ಅಮೆರಿಕಕ್ಕೆ ಹೋದ ಅಪ್ಪ ಅಮ್ಮ ಮೊದಲ ವಾರ ನಡುರಾತ್ರಿ ಎದ್ದು ಕೂರುವುದಕ್ಕೆ ಇದೇ ಕಾರಣ. ಅವರಿಗೆ ಅವಸರ ಮಾಡಬಾರದು.

ಟಿಕೆಟ್ಟಿನ ಮೇಲಿನ ಸಮಯವನ್ನೂ ಸರಿಯಾಗಿ ಓದಬೇಕು. ದೆಹಲಿಗೆ ಇಲ್ಲಿಂದ ಸುಮಾರು 1,700 ಕಿ.ಮೀ. ಜೆಟ್ ವೇಗದಲ್ಲಿ ಎರಡು ಗಂಟೆ. ಟಿಕೆಟ್ಟಿನಲ್ಲಿ ಮಾತ್ರ ಎರಡೂಮುಕ್ಕಾಲು ಗಂಟೆ ಇರುತ್ತದೆ. ಬಾಗಿಲು ಬಿಟ್ಟಾಗಿನಿಂದ ಬಾಗಿಲು ಸೇರುವವರೆಗಿನ ಲೆಕ್ಕ ಅದು: ರನ್‌ವೇವರೆಗೆ ಉರುಳುವುದು, ಸರದಿ ಕಾಯುವುದು, ಏರುವುದು, ಇಳಿಯುವುದು ಎಲ್ಲ ಸೇರಿ.

ನಿಜವಾಗಿ ಕಡಿಮೆ ಮಾಡಬಹುದಾದ ದೂರ

ನಿರ್ಗಮನ ದ್ವಾರದ ಮುಂದೆ ರಾತ್ರಿ ಹೊತ್ತು ಸ್ವಲ್ಪ ನಿಂತು ನೋಡಿ. ಚಟ್ನಿಪುಡಿ, ಹುರಿಗಡಲೆ, ಸಾರಿನಪುಡಿ ತುಂಬಿದ ಸೂಟ್‌ಕೇಸಿನ ಮೇಲೆ ದಪ್ಪಕ್ಷರದಲ್ಲಿ ಹೆಸರು ಬರೆದಿರುತ್ತದೆ. ಪಕ್ಕದಲ್ಲಿ ಸ್ವೆಟರ್ ಹಾಕಿಕೊಂಡ ಅಜ್ಜಿ. ಅವರ ಕೈಯಲ್ಲಿ ಮಗ ಬರೆದುಕೊಟ್ಟ ಚೀಟಿ: ಎಲ್ಲಿ ಇಳಿಯಬೇಕು, ಯಾವ ಗೇಟು, ಯಾರನ್ನು ಕೇಳಬೇಕು. ನಡೆಯಬಲ್ಲವರೂ ಗಾಲಿಕುರ್ಚಿ ಕೇಳಿಕೊಂಡಿರುತ್ತಾರೆ. ಕಾಲಿನ ನೋವಿಗಿಂತ, ಗೊತ್ತಿಲ್ಲದ ಭಾಷೆಯ ನಡುವೆ ಕೈಹಿಡಿದು ದಾರಿ ತೋರಿಸಲು ಒಬ್ಬರು ಬೇಕು ಎಂಬ ಕಾರಣಕ್ಕೆ. ಕನ್ನಡವನ್ನಷ್ಟೇ ಬಲ್ಲ ಹಿರಿಯರಿಗೆ ಹದಿನೇಳು ಗಂಟೆ ಒಂದೇ ಸೀಟಿನಲ್ಲಿ ಕೂರುವುದಕ್ಕಿಂತ, ನಡುರಾತ್ರಿ ದುಬೈನಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ವಿಮಾನ ಬದಲಿಸುವ ಎರಡು ಗಂಟೆಯೇ ಹೆಚ್ಚು ದೂರ. ತಡೆರಹಿತ ವಿಮಾನವನ್ನು ವ್ಯಾಪಾರಿಗಳ, ಸಾಫ್ಟ್‌ವೇರ್‌ನವರ ಅನುಕೂಲ ಎಂದಷ್ಟೇ ನೋಡುವವರು ಈ ಅಜ್ಜಿಯರನ್ನು ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ನಮ್ಮ ಜಿಲ್ಲೆಯೊಳಗಿನ ದೂರ. ನೇರ ರೇಖೆಯಲ್ಲಿ ಅಳೆದರೆ ವಿಮಾನ ನಿಲ್ದಾಣದಿಂದ ಹೊಸಕೋಟೆ 18, ದೊಡ್ಡಬಳ್ಳಾಪುರ 20, ನೆಲಮಂಗಲ 35 ಕಿ.ಮೀ. ಜೆಟ್ ವೇಗಕ್ಕೆ ನೆಲಮಂಗಲ ಎರಡೂವರೆ ನಿಮಿಷದ ದಾರಿ. ಅದೇ ದಾರಿಗೆ ರಸ್ತೆಯಲ್ಲಿ ಒಂದು ಗಂಟೆಗೂ ಮಿಕ್ಕಿ ಹಿಡಿಯುತ್ತದೆ, ಬಸ್ಸು ಬದಲಿಸುತ್ತ ಹೋದರೆ ಇನ್ನೂ ಹೆಚ್ಚು. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ, ಸೂಲಿಬೆಲೆ ಹಾದು ಹೊಸಕೋಟೆ ಸೇರುವ ಉಪನಗರ ವರ್ತುಲ ರಸ್ತೆ ಬಂದ ಮೇಲೆ ಬೆಂಗಳೂರಿನೊಳಗೆ ಹೊಕ್ಕು ಹೊರಡುವ ಕಷ್ಟ ತಪ್ಪಿದೆ. 2021ರ ಜನವರಿಯಲ್ಲೇ ನಿಲ್ದಾಣದ ಸಮೀಪ ರೈಲು ನಿಲುಗಡೆಯೂ ಆಯಿತು. ಆದರೆ ಸಾರ್ವಜನಿಕ ಸಾರಿಗೆಯ ಒಲವು ಇಂದಿಗೂ ಬೆಂಗಳೂರು ನಗರದ ಕಡೆಗೇ. ನಿಲ್ದಾಣವನ್ನು ತನ್ನ ಮಡಿಲಲ್ಲಿಟ್ಟುಕೊಂಡ ಜಿಲ್ಲೆಯ ತಾಲ್ಲೂಕು ಕೇಂದ್ರಗಳಿಂದ, ಸರಹೊತ್ತಿನ ವಿಮಾನಗಳಿಗೆ ಹೊಂದುವಂಥ ನೇರ ಬಸ್ಸುಗಳು ಬೇಕು. ಜೆಟ್ ಸ್ಟ್ರೀಮ್ ನಮ್ಮ ಮಾತು ಕೇಳುವುದಿಲ್ಲ, ರಷ್ಯಾದ ಆಕಾಶವೂ ನಮ್ಮ ಕೈಯಲ್ಲಿಲ್ಲ. ನೆಲಮಂಗಲದ ಒಂದು ಗಂಟೆ ನಮ್ಮ ಕೈಯಲ್ಲಿದೆ.

ಜಿಲ್ಲೆಯ ಮೇಷ್ಟ್ರುಗಳಿಗೂ ಒಂದು ಕೋರಿಕೆ. ನಮ್ಮ ಸರ್ಕಾರಿ ಶಾಲೆಗಳ ಮಕ್ಕಳು ದಿನವೂ ತಲೆಯ ಮೇಲೆ ಹಾದುಹೋಗುವ ವಿಮಾನದ ಸದ್ದಿನಲ್ಲೇ ಪಾಠ ಕೇಳುತ್ತಾರೆ. ಅದು ಎಲ್ಲಿಗೆ, ಯಾವ ದಾರಿಯಲ್ಲಿ, ಏಕೆ ಆ ದಾರಿಯಲ್ಲೇ ಹೋಗುತ್ತಿದೆ ಎಂದು ತಿಳಿಯುವ ಹಕ್ಕು ಮೊದಲು ಅವರದು. ಬೇಕಾದ ಸಾಮಗ್ರಿ ಹೆಚ್ಚಿಲ್ಲ: ಒಂದು ಗ್ಲೋಬ್, ಒಂದು ಎಳೆ ದಾರ, ಡಿಗ್ರಿಗೆ 111 ಕಿಲೊಮೀಟರ್ ಎಂಬ ಒಂದು ಅಂಕಿ. ಒಂದು ಪೀರಿಯಡ್‌ನಲ್ಲಿ ಭೂಗೋಳ, ಗಣಿತ, ವಿಜ್ಞಾನ ಮೂರೂ ಒಟ್ಟಿಗೆ ಕೂಡಿಬರುವ ಇಂಥ ಪಾಠಕ್ಕೆ ದೇವನಹಳ್ಳಿಗಿಂತ ಒಳ್ಳೆಯ ಜಾಗ ಕರ್ನಾಟಕದಲ್ಲಿ ಇನ್ನೊಂದಿಲ್ಲ.